ಹಾಸನ ಸೀಮೆಯ ಮೇಷ್ಟರು ಮತ್ತು ಇಂಧನದ ಪಾಠ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಲು, ಗಾಳಿ, ನೀರು, ಸಗಣಿ, ಎಣ್ಣೆಬೀಜಗಳಿಂದ ಸಿಗುವ ಶಕ್ತಿಯ ಪಾಠ ಬರುವುದು ಆರರಿಂದ ಎಂಟನೇ ತರಗತಿಯ ಹಂತದಲ್ಲಿ. ಹಳಬರ ಬಾಯಲ್ಲಿ ಇದು ಈಗಲೂ ಮಿಡ್ಲ್ ಸ್ಕೂಲು. ಈ ಪಾಠ ಮಾಡುವ ಶಿಕ್ಷಕರನ್ನು ಅಣಿಗೊಳಿಸುವ ಕೆಲಸಕ್ಕೆ ಸುಮಾರು ಅರ್ಧ ಶತಮಾನದ ಚರಿತ್ರೆಯಿದೆ. ಆದರೆ ಅದು ಯಾವುದೋ ಒಂದು ಇಲಾಖೆಯ ಕಡತದಲ್ಲಿ ಒಟ್ಟಿಗೆ ಸಿಗುವಂಥದಲ್ಲ. ಒಲೆ ಸುಧಾರಣೆ, ಗೋಬರ್ ಗ್ಯಾಸ್, ವಿಜ್ಞಾನ ಪ್ರಸಾರ, ಉಪಗ್ರಹ ಸಂಪರ್ಕ, ಹೊಂಗೆ ಬೀಜದ ಡೀಸೆಲ್ ಎಂದು ಬೇರೆ ಬೇರೆ ಉದ್ದೇಶ ಇಟ್ಟುಕೊಂಡು ಬಂದ ಯೋಜನೆಗಳಲ್ಲಿ ಶಿಕ್ಷಕನಿಗೂ ಒಂದೆರಡು ದಿನದ ಪಾಲು ಸಿಕ್ಕಿತು. ಯೋಜನೆ ಮುಗಿದಾಗ ಅಧಿಕಾರಿ ಬೇರೆ ಊರಿಗೆ ಹೋದ, ಗುತ್ತಿಗೆದಾರ ಬಿಲ್ ಪಾಸು ಮಾಡಿಸಿಕೊಂಡ. ಊರಿನಲ್ಲಿ ಉಳಿದವನು ಮೇಷ್ಟರು. ಕಟ್ಟಿದ ಸ್ಥಾವರ ಯಾಕೆ ಕೆಟ್ಟಿತು, ಮತ್ತೆ ಹೇಗೆ ನಡೆಸಬಹುದು ಎಂದು ಹೇಳಬಲ್ಲವನಾಗಿ ಅವನನ್ನು ತಯಾರು ಮಾಡಿದ ಯೋಜನೆಗಳು ಕಡಿಮೆ. ಈ ಸೀಮೆಯ ಇಂಧನ ಶಿಕ್ಷಣದ ಏಳುಬೀಳುಗಳಿಗೆಲ್ಲ ಈ ಒಂದು ಕೊರತೆಯೇ ಹಿನ್ನೆಲೆ.

ನಾಲ್ಕು ತಾಲ್ಲೂಕುಗಳು ಅಕ್ಕಪಕ್ಕದವೇ ಆದರೂ ಒಲೆಗೆ ಬೀಳುವ ಇಂಧನ ಒಂದೇ ಅಲ್ಲ. ಚನ್ನರಾಯಪಟ್ಟಣ ತೆಂಗಿನ ಸೀಮೆ. ಗರಿ, ಮಟ್ಟೆ, ಹೊಂಬಾಳೆ, ಸಿಪ್ಪೆ, ಕರಟ ಎಲ್ಲವೂ ಅಡುಗೆ ಒಲೆಗೋ ಬಚ್ಚಲೊಲೆಗೋ ಆಗುತ್ತವೆ. ಮಳೆಗಾಲಕ್ಕೆ ಮುಂಚೆ ಒಣಗಿಸಿ ಒಳಗೆ ಒಟ್ಟಿಕೊಂಡವರಿಗೆ ಸೌದೆ ಕೊಳ್ಳುವ ಗೋಜಿಲ್ಲ. ಹೊಳೆನರಸೀಪುರ ಹೇಮಾವತಿಯ ದಂಡೆಯ ಊರು. ನಾಲೆ ನೀರು ಹರಿದ ಕಡೆ ಭತ್ತ, ಕಬ್ಬು ಹೆಚ್ಚಿದವು. ಜೊತೆಗೆ ಹುಲ್ಲು, ದನ, ಸಗಣಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರು ಕಡೆ ಹೊಗೆಸೊಪ್ಪು ಬೆಳೆ, ಅದನ್ನು ಹದ ಮಾಡುವ ಬ್ಯಾರನ್ನುಗಳು, ಬ್ಯಾರನ್ನುಗಳಿಗೆ ಲೋಡುಗಟ್ಟಲೆ ಸೌದೆ. ಹಾಸನ ತಾಲ್ಲೂಕಿನಲ್ಲಿ ಆಲೂಗೆಡ್ಡೆ, ಮುಸುಕಿನ ಜೋಳದ ಹೊಲಗಳು. ಪಶ್ಚಿಮಕ್ಕೆ ಹೋದಂತೆ ಮಲೆನಾಡಿನ ಅಂಚು. ಇಂಧನದ ಪಾಠಕ್ಕೆ ಬೇಕಾದ ಉದಾಹರಣೆಗಳೆಲ್ಲ ಮಗು ಶಾಲೆಗೆ ನಡೆದು ಬರುವ ದಾರಿಯಲ್ಲೇ ಇದ್ದವು. ಪಠ್ಯಪುಸ್ತಕ ಮಾತ್ರ ಬಹುಕಾಲ ಕಲ್ಲಿದ್ದಲ ಗಣಿ, ಗಾಳಿಯಂತ್ರ, ಸಮುದ್ರದ ಅಲೆಗಳ ಚಿತ್ರವನ್ನೇ ತೋರಿಸಿತು.

ಸೀಮೆಎಣ್ಣೆ ಹಳ್ಳಿ ಅಂಗಡಿಗಳಿಗೆ ಬರುವ ಮುಂಚೆ ಹಳೇ ಮೈಸೂರಿನ ಮನೆಗಳಲ್ಲಿ ದೀಪ ಉರಿಯುತ್ತಿದ್ದುದು ಹೊಂಗೆ, ಹಿಪ್ಪೆ, ಹರಳಿನ ಎಣ್ಣೆಯಿಂದ. ಹೊಂಗೆ ಬದುವಿನ ಮೇಲೆ ತಾನಾಗಿ ಬೆಳೆಯುವ ಮರ. ಸೊಪ್ಪು ಗದ್ದೆಗೆ ಗೊಬ್ಬರ, ಬೀಜ ಗಾಣಕ್ಕೆ, ಎಣ್ಣೆ ಹಣತೆಗೆ, ಹಿಂಡಿ ಮತ್ತೆ ಹೊಲಕ್ಕೆ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಸೀಮೆಎಣ್ಣೆ ಬುಡ್ಡಿ ಈ ಸರಪಳಿಯಿಂದ ಎಣ್ಣೆಯ ಕೊಂಡಿಯನ್ನು ಕಳಚಿತು. ಮರ ಉಳಿಯಿತು, ಸೊಪ್ಪಿನ ಬಳಕೆ ಉಳಿಯಿತು. ಎಣ್ಣೆಯಿಂದ ಬೆಳಕು ಮಾಡಿಕೊಳ್ಳುವ ವಾಡಿಕೆ ದೇವರ ಮುಂದಿನ ದೀಪಕ್ಕೆ ಸರಿಯಿತು. 2007ರ ನಂತರ ಹಾಸನದಲ್ಲಿ ನಡೆದ ಜೈವಿಕ ಇಂಧನದ ದೊಡ್ಡ ಪ್ರಯೋಗಕ್ಕೆ ಈ ಹಿನ್ನೆಲೆ ಮುಖ್ಯ.

ವಿದ್ಯುತ್ತಿನ ಪಾಠ ಈ ಭಾಗದಲ್ಲಿ ನೀರಿನಿಂದಲೇ ಶುರುವಾಗಬೇಕು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟು ಕಳಿಸಿತು. 1905ರಲ್ಲಿ ಬೆಂಗಳೂರಿಗೆ ಬೀದಿದೀಪ ಬಂತು. ಹೊಳೆನರಸೀಪುರವನ್ನು ದಾಟಿ ಹೋದ ಹೇಮಾವತಿಯ ನೀರು ಕಾವೇರಿಯನ್ನು ಸೇರಿ, ಕನ್ನಂಬಾಡಿ ಕಟ್ಟೆಯ ಮೂಲಕ ಆ ಶಿವನಸಮುದ್ರದ ಟರ್ಬೈನುಗಳಿಗೇ ಹೋಗುತ್ತದೆ. ತಮ್ಮೂರಿನ ಹೊಳೆ ಹೀಗೆ ಬೇರೆಯವರ ಊರಿನ ದೀಪ ಹೊತ್ತಿಸುತ್ತಿತ್ತು ಎಂಬ ಸಂಗತಿಯನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಅರ್ಧ ಗಂಟೆ ಸಾಕು. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಆದ ಬಳಿಕ ಹಳ್ಳಿಗಳಿಗೆ ಕಂಬಗಳು ನಿಧಾನವಾಗಿ ಬಂದವು. ಗೊರೂರಿನ ಬಳಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. 37 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯ ಮುಖ್ಯವಾಗಿ ನೀರಾವರಿಗಾಗಿ ಕಟ್ಟಿದ್ದು. ಹಲವಾರು ಹಳ್ಳಿಗಳನ್ನು ಅದು ಮುಳುಗಿಸಿತು. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವುದನ್ನು ನೋಡಲು ಈಗ ಪ್ರವಾಸಿಗರು ಬರುತ್ತಾರೆ. ನೀರನ್ನು ತಡೆದು ನಿಲ್ಲಿಸಿದರೆ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನೆಲೆ ತಪ್ಪುವುದು ಎರಡೂ ಒಟ್ಟಿಗೇ ಆಗುತ್ತವೆ ಎನ್ನುವುದಕ್ಕೆ ಈ ಜಿಲ್ಲೆಯ ಮಕ್ಕಳು ದೂರ ಹೋಗಬೇಕಾಗಿಲ್ಲ.

ಇದನ್ನೆಲ್ಲ ಹೇಳಿಕೊಡಬೇಕಾದ ಶಿಕ್ಷಕನ ತಯಾರಿ ಬೇರೆಯೇ ಹಾದಿಯಲ್ಲಿ ನಡೆದಿತ್ತು. ಮೈಸೂರು ಸಂಸ್ಥಾನದ ಕಾಲದ ನಾರ್ಮಲ್ ಸ್ಕೂಲುಗಳಲ್ಲಿ ಒತ್ತು ಇದ್ದದ್ದು ಓದು, ಬರಹ, ಲೆಕ್ಕ, ಶಿಸ್ತುಗಳ ಮೇಲೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಗಾಂಧೀಜಿಯವರ ಬುನಾದಿ ಶಿಕ್ಷಣ ನೂಲುವುದನ್ನೂ ತೋಟದ ಕೆಲಸವನ್ನೂ ತಂದಿತು. ಕೈಗೆಲಸದಿಂದ ಪಾಠಕ್ಕೆ ಹೋಗುವ ಆ ವಿಧಾನ ಇಂಧನದ ಪಾಠಕ್ಕೆ ಚೆನ್ನಾಗಿ ಒಗ್ಗುತ್ತಿತ್ತು, ಆದರೆ ಒಲೆ ಆಗ ಯಾರಿಗೂ ಪಾಠದ ವಸ್ತುವಾಗಿ ಕಂಡಿರಲಿಲ್ಲ. ಮುಂದೆ ಟಿಸಿಎಚ್ ಎಂಬ ಶಿಕ್ಷಕ ತರಬೇತಿ ಮುಗಿಸಿ ಬಂದವರೇ ಏಳನೇ ತರಗತಿವರೆಗಿನ ಎಲ್ಲ ವಿಷಯ ಹೇಳಬೇಕಿತ್ತು. ವಿಜ್ಞಾನವನ್ನು ಹೈಸ್ಕೂಲಿನ ಆಚೆಗೆ ಓದದವರಿಗೂ ವಿಜ್ಞಾನದ ಪಿರಿಯಡ್ ಬರುತ್ತಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಬಂದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಶಾಲೆಗಳಿಗೆ ವಿಜ್ಞಾನದ ಪೆಟ್ಟಿಗೆ ಕೊಟ್ಟಿತು. ಪೆಟ್ಟಿಗೆಯ ಗಾಜು ಒಡೆದರೆ ಲೆಕ್ಕ ಒಪ್ಪಿಸಬೇಕಾದವರು ಹೆಡ್‌ಮಾಸ್ಟರು. ಹೀಗಾಗಿ ಬಹಳ ಕಡೆ ಅದು ಬೀರುವಿನಲ್ಲೇ ಭದ್ರವಾಗಿತ್ತು. ಇದನ್ನು ಶಿಕ್ಷಕರ ಸೋಮಾರಿತನ ಎಂದು ಬರೆದುಬಿಡುವುದು ಸುಲಭ; ಸಾಮಾನು ಒಡೆಯುವುದಕ್ಕೆ ಅನುಮತಿ ಇಲ್ಲದ ಕಡೆ ಪ್ರಯೋಗವೂ ನಡೆಯುವುದಿಲ್ಲ.

ಇಂಧನ ಸಮಸ್ಯೆಯ ವಿಷಯದಲ್ಲಿ ವಿಜ್ಞಾನಿಗಳ ಕಣ್ಣನ್ನು ಹಳ್ಳಿಯ ಕಡೆ ತಿರುಗಿಸಿದ್ದು 1973ರ ತೈಲ ಬಿಕ್ಕಟ್ಟು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ಹುಟ್ಟಿತು. ಹಾಸನದ ನೆರೆಯ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ. ಅಲ್ಲಿನ ಹಳ್ಳಿಗಳಲ್ಲಿ ಒಂದು ಮನೆಗೆ ದಿನಕ್ಕೆ ಎಷ್ಟು ಸೌದೆ ಬೇಕು, ಅದನ್ನು ತರಲು ಯಾರು ಎಷ್ಟು ಹೊತ್ತು ನಡೆಯುತ್ತಾರೆ ಎಂಬುದನ್ನು ಅಳೆದು ನೋಡಿದ್ದು ಆ ಕಾಲಕ್ಕೆ ಹೊಸದು. ಹೊರೆ ಹೊತ್ತವರಲ್ಲಿ ಹೆಂಗಸರೂ ಮಕ್ಕಳೂ ಹೆಚ್ಚಾಗಿದ್ದರು. ಈ ಅಧ್ಯಯನದಿಂದ ಬಂದದ್ದು ಮೂರು ಪಾತ್ರೆ ಕೂರುವ, ಹೊಗೆ ಕೊಳವೆ ಇರುವ ಅಸ್ತ್ರ ಒಲೆ. ಮೂರು ಕಲ್ಲಿನ ಒಲೆ ಸೌದೆಯ ಶಾಖದಲ್ಲಿ ಹತ್ತರಲ್ಲೊಂದು ಪಾಲನ್ನು ಮಾತ್ರ ಪಾತ್ರೆಗೆ ಮುಟ್ಟಿಸುತ್ತಿತ್ತು. ಅಸ್ತ್ರ ಒಲೆ ಪ್ರಯೋಗಾಲಯದಲ್ಲಿ ಶೇ. 40ರ ಆಸುಪಾಸು ಮುಟ್ಟಿಸಿತು. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ 1983ರಲ್ಲಿ ಶುರುವಾದಾಗ ಕರ್ನಾಟಕದ ಹಳ್ಳಿಗಳಿಗೆ ಈ ಒಲೆ ಹೊಕ್ಕಿತು. ಕಟ್ಟುವವರಿಗೆ ತರಬೇತಿ ಸಿಕ್ಕಿತು. ಒಲೆ ಬಾಯಿಯ ಅಳತೆ ಒಂದು ಬೆರಳು ಹೆಚ್ಚಾದರೂ ಕೊಳವೆಯಲ್ಲಿ ಮಸಿ ಕಟ್ಟಿದರೂ ಒಲೆ ಮನೆತುಂಬ ಹೊಗೆಯಾಡುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಡುವ ಏರ್ಪಾಡು ಆಗಲಿಲ್ಲ. ಹಲವು ಮನೆಗಳಲ್ಲಿ ಎರಡು ವರ್ಷಕ್ಕೆ ಕೊಳವೆ ಕಟ್ಟಿಕೊಂಡು, ಒಲೆಯ ಪಕ್ಕದಲ್ಲಿ ಮತ್ತೆ ಮೂರು ಕಲ್ಲು ಬಂತು. 2002ರಲ್ಲಿ ಕೇಂದ್ರ ಸರ್ಕಾರ ಆ ಕಾರ್ಯಕ್ರಮವನ್ನೇ ನಿಲ್ಲಿಸಿತು.

ಗೋಬರ್ ಗ್ಯಾಸಿನ ಕಥೆ ಇದಕ್ಕಿಂತ ತುಸು ವಾಸಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕಬ್ಬಿಣದ ಡ್ರಮ್ಮಿನ ಸ್ಥಾವರ ಮೊದಲು ಬಂತು. ಡ್ರಮ್ಮಿಗೆ ತುಕ್ಕು ಹಿಡಿಯುವುದು ಅದರ ದೊಡ್ಡ ತೊಡಕು. 1978ರಲ್ಲಿ ಇಟ್ಟಿಗೆ ಗುಮ್ಮಟದ ಜನತಾ ಮಾದರಿ, 1984ರಲ್ಲಿ ಅದಕ್ಕಿಂತ ಅಗ್ಗದ ದೀನಬಂಧು ಮಾದರಿ ಬಂದವು. ಹಾಲಿನ ಸಹಕಾರ ಸಂಘಗಳು ಬೇರೂರಿದ್ದ ಹಾಸನ ಜಿಲ್ಲೆಗೆ ಇದು ಹೇಳಿ ಮಾಡಿಸಿದಂತಿತ್ತು. ನಾಲ್ಕೈದು ದನ ಇರುವ ಮನೆಯ ಸಗಣಿ ಎರಡು ಘನ ಮೀಟರಿನ ಸ್ಥಾವರಕ್ಕೆ ಸಾಕು, ಐದಾರು ಜನರ ಅಡುಗೆಗೆ ಅನಿಲ ಸಾಕು.

ಶಿಕ್ಷಕರ ಕಾರ್ಯಾಗಾರಗಳಿಗೆ ಒಪ್ಪುವ ಮಾದರಿಯೂ ಗೋಬರ್ ಗ್ಯಾಸಿನದೇ. ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಒಂದಷ್ಟು ಉದ್ದದ ರಬ್ಬರ್ ಕೊಳವೆ, ಹಳೇ ಸೈಕಲ್ ಟ್ಯೂಬು. ಸಗಣಿಗೆ ಸಮಪಾಲು ನೀರು ಹಾಕಿ, ಹುಲ್ಲಿನ ಎಳೆ ತೆಗೆದು, ಬಗ್ಗಡ ಕದಡಿ ಕ್ಯಾನಿಗೆ ತುಂಬಬೇಕು. ಮುಚ್ಚಳಕ್ಕೆ ಎಂ-ಸೀಲ್ ಮೆತ್ತಿ ಬಿಸಿಲಿಗೆ ಇಡಬೇಕು. ನಾಲ್ಕೈದು ದಿನಕ್ಕೆ ಟ್ಯೂಬು ಉಬ್ಬುತ್ತದೆ. ಕೊಳವೆಯ ತುದಿಗೆ ಬೆಂಕಿಕಡ್ಡಿ ಹಿಡಿದರೆ ಕಡ್ಡಿಯೇ ಆರುತ್ತದೆ. ಮೊದಲು ಬರುವ ಅನಿಲದಲ್ಲಿ ಇಂಗಾಲದ ಡೈಆಕ್ಸೈಡೂ ಒಳಗಿದ್ದ ಗಾಳಿಯೂ ಹೆಚ್ಚು. ಅದನ್ನು ಹೊರಗೆ ಬಿಟ್ಟು ಎರಡು ಮೂರು ವಾರ ಕಾದರೆ ಮೀಥೇನ್ ಪ್ರಮಾಣ ಏರಿ ನೀಲಿ ಜ್ವಾಲೆ ಹತ್ತುತ್ತದೆ. ಹಾಸನದ ಡಿಸೆಂಬರ್ ಚಳಿಯಲ್ಲಿ ಇನ್ನೂ ತಡ. ಎರಡು ದಿನದ ತರಬೇತಿಯಲ್ಲಿ ಶಿಕ್ಷಕ ನೋಡುವುದು ಕ್ಯಾನು ತುಂಬುವುದನ್ನು ಮಾತ್ರ. ಉರಿಯುವುದನ್ನು ನೋಡಲು ಅವನು ತನ್ನ ಶಾಲೆಯಲ್ಲಿ ಮಾಡಿ ಕಾಯಬೇಕು. ಕಡ್ಡಿ ಆರಿದ ದಿನವೇ ಪ್ರಯೋಗ ಕೆಟ್ಟಿತೆಂದು ಕೈಬಿಟ್ಟರೆ ಪಾಠ ಅಲ್ಲಿಗೇ ಮುಗಿಯಿತು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅಸ್ತ್ರದವರು ನಡೆಸಿದ ಸಮುದಾಯ ಸ್ಥಾವರ, ನಡೆಸುವವರೇ ಮಾಡಿ ಕಲಿಯಬೇಕೆಂಬ ಮಾತನ್ನು ದೊಡ್ಡದಾಗಿ ತೋರಿಸಿತು. ಮೊದಲು ಅಡುಗೆ ಅನಿಲ ಕೊಡುವ ಯೋಚನೆ ಇತ್ತು, ಸಗಣಿ ಸಾಲಲಿಲ್ಲ. 1987ರಲ್ಲಿ ದಾರಿ ಬದಲಿಸಿ, ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪವನ್ನೂ ನಲ್ಲಿಗೆ ಕೊಳವೆಬಾವಿ ನೀರನ್ನೂ ಕೊಡಲಾಯಿತು. ಸಗಣಿ ತಂದವರಿಗೆ ಹಣವೂ ತೂಕಕ್ಕೆ ತಕ್ಕ ಬಗ್ಗಡದ ಗೊಬ್ಬರವೂ ಸಿಕ್ಕಿದವು. ಊರಿನ ಹುಡುಗರೇ ಎಂಜಿನ್ ನೋಡಿಕೊಂಡರು. ನಡೆಸುವುದನ್ನು ಊರವರು ಕಲಿತದ್ದರಿಂದ ಅದು ವರ್ಷಗಟ್ಟಲೆ ನಡೆಯಿತು.

ಇಷ್ಟರಲ್ಲಿ ಕನ್ನಡದಲ್ಲಿ ವಿಜ್ಞಾನ ಹೇಳುವವರ ಒಂದು ಬಳಗ ಬೆಳೆದಿತ್ತು. ‘ಬಾಲ ವಿಜ್ಞಾನ’ ಮಾಸಪತ್ರಿಕೆ 1978ರಲ್ಲಿ ಆರಂಭವಾಯಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಯಿತು. ಜೆ.ಆರ್. ಲಕ್ಷ್ಮಣರಾವ್ ಅವರಂಥ ಹಿರಿಯರು ಇದರ ಬೆನ್ನಿಗೆ ನಿಂತರು. ಜಿಲ್ಲೆ, ತಾಲ್ಲೂಕುಗಳಲ್ಲಿ ಪರಿಷತ್ತಿನ ಘಟಕ ನಡೆಸಿದವರಲ್ಲಿ ಶಾಲಾ ಶಿಕ್ಷಕರೇ ಹೆಚ್ಚು. ಇಲಾಖೆಯ ಸುತ್ತೋಲೆ ಇಲ್ಲದೆ, ಟಿಎ ಡಿಎ ಇಲ್ಲದೆ ಭಾನುವಾರ ಸೇರುತ್ತಿದ್ದ ಈ ಮಂದಿ ಒಬ್ಬರಿಂದೊಬ್ಬರು ಕಲಿತದ್ದು ಯಾವ ತರಬೇತಿಯ ಲೆಕ್ಕಕ್ಕೂ ಸೇರಿಲ್ಲ. 1990ರ ಸುಮಾರಿಗೆ ಸಾಕ್ಷರತಾ ಆಂದೋಲನದ ಜೊತೆ ಭಾರತ ಜ್ಞಾನ ವಿಜ್ಞಾನ ಸಮಿತಿಯೂ ಬಂತು. ಮಿಡ್ಲ್ ಸ್ಕೂಲಿನ ವಿಜ್ಞಾನವನ್ನು ಪ್ರಯೋಗದಿಂದಲೇ ಕಲಿಸಬೇಕೆಂಬ ಮಾತಿಗೆ ದೇಶದಲ್ಲಿ ದೊಡ್ಡ ಮಾದರಿ ಮಧ್ಯಪ್ರದೇಶದ ಹೋಶಂಗಾಬಾದಿನದು. 1972ರಲ್ಲಿ 16 ಶಾಲೆಗಳಲ್ಲಿ ತೊಡಗಿದ ಆ ಕಾರ್ಯಕ್ರಮದಲ್ಲಿ ಶಿಕ್ಷಕರು ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ಕೂತು, ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನೆಲ್ಲ ತಾವೇ ಮಾಡಿ ನೋಡುತ್ತಿದ್ದರು. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ಮುಚ್ಚಿತು. ಕರ್ನಾಟಕದಲ್ಲಿ ಅಷ್ಟು ದೀರ್ಘವಾದ ತರಬೇತಿ ಇಂಧನದ ವಿಷಯಕ್ಕಂತೂ ಎಂದೂ ದಕ್ಕಲಿಲ್ಲ.

ಅಧಿಕೃತ ತರಬೇತಿಯ ಹೊಣೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯದು. 1986ರ ನೀತಿಯ ಫಲವಾಗಿ ದೇಶದಾದ್ಯಂತ ಹುಟ್ಟಿದ ಇವುಗಳಿಗೆ ಡಯಟ್ ಎಂಬ ಹೆಸರೇ ರೂಢಿಯಾಗಿದೆ, ಹಾಸನದಲ್ಲೂ ಒಂದಿದೆ. ರಾಜ್ಯಮಟ್ಟದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಸಾಹಿತ್ಯ ಸಿದ್ಧಪಡಿಸಿ ಕಳಿಸುತ್ತದೆ, ಡಯಟ್ ಸಂಪನ್ಮೂಲ ವ್ಯಕ್ತಿಗಳನ್ನು ತಯಾರಿಸುತ್ತದೆ, ಅವರು ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಉಳಿದವರಿಗೆ ಹೇಳುತ್ತಾರೆ. ಒಂದೊಂದು ಮೆಟ್ಟಿಲು ಇಳಿದಾಗಲೂ ಪ್ರಯೋಗ ಸವೆದು ಮಾತು ಉಳಿಯುವುದು ಈ ಕ್ರಮದ ಹಳೇ ರೋಗ. ಅದಕ್ಕೆ ಮದ್ದಾಗಿ ಉಪಗ್ರಹವನ್ನು ಬಳಸಿ ನೋಡಿದ್ದೂ ಉಂಟು. 1996ರ ಜನವರಿಯಲ್ಲಿ ಕರ್ನಾಟಕದ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಉಪಗ್ರಹದ ಮೂಲಕ ಒಂದು ವಾರದ ತರಬೇತಿ ನಡೆಯಿತು. ಡಯಟ್‌ಗಳಲ್ಲಿ ಟೀವಿ ಮುಂದೆ ಕೂತ ಶಿಕ್ಷಕರು ಫೋನಿನಲ್ಲಿ ಪ್ರಶ್ನೆ ಕೇಳಬಹುದಿತ್ತು. 2004ರಲ್ಲಿ ಶಿಕ್ಷಣಕ್ಕೆಂದೇ ಎಡುಸ್ಯಾಟ್ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಮೊದಲ ಫಲಾನುಭವಿಗಳಲ್ಲಿ ಸೇರಿದವು. ಈ ಉಪಗ್ರಹಗಳ ಲಗಾಮು ಇದ್ದದ್ದು ಹಾಸನದಲ್ಲೇ, 1982ರಿಂದ ಕೆಲಸ ಮಾಡುತ್ತಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ಸೌರಫಲಕ ಬಿಚ್ಚಿಕೊಂಡು ಬಿಸಿಲಿನಿಂದಲೇ ಬದುಕುವ ಯಂತ್ರಗಳನ್ನು ಊರಿನ ಪಕ್ಕದಲ್ಲಿ ಕೂತು ನಡೆಸುತ್ತಿದ್ದಾರೆ ಎನ್ನುವುದಕ್ಕಿಂತ ಒಳ್ಳೆಯ ಸೌರಶಕ್ತಿ ಪಾಠ ಹಾಸನದ ಮಕ್ಕಳಿಗೆ ಇರಲಾರದು.

ಅರಕಲಗೂಡಿನ ಹೊಗೆಸೊಪ್ಪು ಬ್ಯಾರನ್ನು ಶಿಕ್ಷಕನಿಗೆ ಒಡ್ಡುವ ಪ್ರಶ್ನೆ ಇವೆಲ್ಲಕ್ಕಿಂತ ಬಿಗಿ. ವರ್ಜೀನಿಯಾ ಹೊಗೆಸೊಪ್ಪನ್ನು ಕೋಲುಗಳಿಗೆ ಪೋಣಿಸಿ, ಎತ್ತರದ ಬ್ಯಾರನ್ನಿನೊಳಗೆ ಸಾಲಾಗಿ ತೂಗುಹಾಕಿ, ಹೊರಗಿನ ಕುಲುಮೆಯಲ್ಲಿ ಸೌದೆ ಉರಿಸಿ ಕಬ್ಬಿಣದ ಕೊಳವೆಗಳ ಮೂಲಕ ಒಳಗೆ ಬಿಸಿ ಹಾಯಿಸುತ್ತಾರೆ. ಐದಾರು ದಿನ, ಹಗಲೂ ರಾತ್ರಿ, ಶಾಖವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋಗಬೇಕು: ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುನರ. ಶಾಖ ತಪ್ಪಿದರೆ ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಹಳೆಯ ಮಾದರಿಯ ಬ್ಯಾರನ್ನಿನಲ್ಲಿ ಒಂದು ಕಿಲೋ ಹದ ಮಾಡಿದ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಕಾಗುತ್ತದೆ. ಪಠ್ಯದ ಪಟ್ಟಿಯಲ್ಲಿ ಸೌದೆ ಮುಗಿಯದ ಇಂಧನಗಳ ಸಾಲಿನಲ್ಲಿದೆ, ಕಲ್ಲಿದ್ದಲು ಮುಗಿಯುವ ಸಾಲಿನಲ್ಲಿದೆ. ಅರಕಲಗೂಡಿನ ಸುತ್ತ ಮರ ಬೆಳೆಯುವುದಕ್ಕಿಂತ ಬೇಗ ಉರಿಯಿತು, ಸೌದೆ ದೂರದೂರದಿಂದ ಲಾರಿಯಲ್ಲಿ ಬರಲು ಶುರುವಾಯಿತು. ಮತ್ತೆ ಬೆಳೆಯುತ್ತದೆ ಎನ್ನುವುದು ಬೆಳೆಯಲು ಬಿಟ್ಟಾಗ ಮಾತ್ರ ನಿಜ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಮಗುವಿನ ಮನೆಯ ಸಾಲ ತೀರಿಸುವ ಬೆಳೆಯ ಬಗ್ಗೆ ಇದನ್ನು ಹೇಳಬೇಕಾದ ಶಿಕ್ಷಕನ ಇಕ್ಕಟ್ಟೂ ಸಣ್ಣದಲ್ಲ. ತಂಬಾಕು ಮಂಡಳಿ ಸೌದೆಮರಗಳ ಸಸಿ ಬೆಳೆಸಲು, ಬ್ಯಾರನ್ನಿನ ಚಾವಣಿಯಿಂದ ಶಾಖ ಸೋರದಂತೆ ತಡೆಯಲು, ಕಾಫಿ ಸಿಪ್ಪೆಯ ಇಟ್ಟಿಗೆಯನ್ನು ಉರಿಸಲು ರೈತರನ್ನು ಪ್ರೋತ್ಸಾಹಿಸಿತು. ಶಾಖ ಎಲ್ಲಿ ಸೋರುತ್ತದೆ ಎಂಬ ಲೆಕ್ಕ ಏಳನೇ ತರಗತಿಯ ಶಾಖ ಪ್ರಸರಣದ ಪಾಠವೇ.

ಹಾಸನದ ಹೆಸರು ಇಂಧನದ ಚರಿತ್ರೆಯಲ್ಲಿ ಸ್ವಂತವಾಗಿ ದಾಖಲಾದದ್ದು ಜಿಲ್ಲೆಯ ಮಡೆನೂರು ಎಂಬ ಹಳ್ಳಿಯಿಂದ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆಯ ನೆರವಿನಿಂದ ಅಲ್ಲಿ ಜೈವಿಕ ಇಂಧನ ಉದ್ಯಾನ ತೆರೆಯಿತು. ಇದಕ್ಕೆ ಮುಂಚೆಯೇ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆಯೆಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ, ಬೋರ್‌ವೆಲ್ ನೀರೆತ್ತಿ ತೋರಿಸಿದ್ದರು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಹೊಸದಿದ್ದದ್ದು ಅದನ್ನು ಹಳ್ಳಿಯ ಲೆಕ್ಕಕ್ಕೆ ತಂದದ್ದು. 2003ರ ಸುಮಾರಿಗೆ ದೇಶವೆಲ್ಲ ಜಟ್ರೋಫಾ ಎನ್ನುತ್ತಿತ್ತು. ಒಂದೇ ಗಿಡವನ್ನು ಸಾಲುಸಾಲಾಗಿ ನೆಟ್ಟ ಆ ಯೋಜನೆಗಳು ಹೇಳಿದಷ್ಟು ಇಳುವರಿ ಕೊಡದೆ ಸೊರಗಿದವು. ಹಾಸನದವರು ಹಿಡಿದ ದಾರಿ ಬೇರೆ. ಉಳುವ ಭೂಮಿಯನ್ನು ಮುಟ್ಟದೆ, ಬದು, ಬೇಲಿ, ಬೀಳು, ಗೋಮಾಳದ ಅಂಚಿನಲ್ಲಿ ಹೊಂಗೆ, ಬೇವು, ಹಿಪ್ಪೆ, ಸುರಹೊನ್ನೆ, ಸಿಮರೂಬಗಳನ್ನು ಬೆರಕೆಯಾಗಿ ಬೆಳೆಸುವುದು. ಒಂದು ಮರದ ಬೀಜ ಬರುವ ತಿಂಗಳಲ್ಲಿ ಇನ್ನೊಂದರದು ಇರುವುದಿಲ್ಲವಾದ್ದರಿಂದ ಆರಿಸುವವರಿಗೆ ಕೆಲಸ ಹಂಚಿಹೋಗುತ್ತದೆ. 2009ರ ರಾಜ್ಯ ಜೈವಿಕ ಇಂಧನ ನೀತಿ, ಜೈವಿಕ ಇಂಧನ ಅಭಿವೃದ್ಧಿ ಮಂಡಳಿ, ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಯೋಜನೆಗಳು ಇದೇ ಜಾಡಿನಲ್ಲಿ ಬಂದವು. ಹಳ್ಳಿಗಳಲ್ಲಿ ಬೆಳೆಗಾರರ ಸಂಘಗಳಾದವು.

ಉದ್ಯಾನಕ್ಕೆ ರೈತರ ಜೊತೆ ಶಾಲಾ ಮಕ್ಕಳೂ ಶಿಕ್ಷಕರೂ ಬರತೊಡಗಿದರು. ಅಲ್ಲಿ ನೋಡಲು ಸಿಗುವುದು ಬೀಜದಿಂದ ಎಂಜಿನ್‌ವರೆಗಿನ ಪೂರಾ ಸರಣಿ. ಕಾಯಿ ಸುಲಿಯುವ ಯಂತ್ರ, ಎಣ್ಣೆ ತೆಗೆಯುವ ಎಕ್ಸ್‌ಪೆಲ್ಲರು, ಬಯೋಡೀಸೆಲ್ ಮಾಡುವ ಘಟಕ. ಸರಿಸುಮಾರು ನಾಲ್ಕು ಕಿಲೋ ಹೊಂಗೆ ಬೀಜಕ್ಕೆ ಒಂದು ಲೀಟರ್ ಎಣ್ಣೆ, ಉಳಿದದ್ದು ಹಿಂಡಿ. ಎಣ್ಣೆಯನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡಿ, ಮೆಥನಾಲಿನಲ್ಲಿ ಕರಗಿಸಿದ ಕಾಸ್ಟಿಕ್ ಸೋಡಾ ಬೆರೆಸಿ ಕದಡಿ, ಬಿಟ್ಟರೆ ಎರಡು ಪದರ ಬೇರೆಯಾಗುತ್ತವೆ: ಕೆಳಗೆ ಕಂದುಬಣ್ಣದ ಮಂದ ಗ್ಲಿಸರಿನ್, ಮೇಲೆ ತಿಳಿಯಾದ ಬಯೋಡೀಸೆಲ್. ಕೆಳಗಿನದನ್ನು ಬಸಿದು, ಮೇಲಿನದನ್ನು ನೀರಿನಲ್ಲಿ ತೊಳೆದು ಒಣಗಿಸುತ್ತಾರೆ. ಹಳೇ ಹೊಂಗೆಯೆಣ್ಣೆಯಲ್ಲಿ ಆಮ್ಲ ಹೆಚ್ಚಿದ್ದರೆ ಡೀಸೆಲ್ ಬದಲು ಸೋಪು ಕಟ್ಟಿಕೊಳ್ಳುತ್ತದೆ. ಅದಕ್ಕೆ ಮೊದಲೇ ಬೇರೆ ಉಪಚಾರ ಬೇಕು. ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಈ ಭಾಗ ಉದ್ಯಾನದಲ್ಲಿ ನೋಡಬೇಕಾದ್ದೇ ಹೊರತು ಶಾಲೆಯಲ್ಲಿ ಮಾಡಬೇಕಾದ್ದಲ್ಲ. ಶಾಲೆಯಲ್ಲಿ ಮಾಡಬಹುದಾದ್ದು ಬೀಜ ಆರಿಸಿ ತೂಗುವುದು, ಸಸಿ ಮಾಡುವುದು, ಹೊಂಗೆಯೆಣ್ಣೆ ದೀಪವನ್ನೂ ಸೀಮೆಎಣ್ಣೆ ಬುಡ್ಡಿಯನ್ನೂ ಅಕ್ಕಪಕ್ಕ ಇಟ್ಟು ಮಸಿ ಹೋಲಿಸುವುದು. ಇದಕ್ಕೂ ಒಂದು ತೊಡಕಿತ್ತು. ಹೊಂಗೆ ಕಾಯಿ ಆರಿಸುವ ಕಾಲ ಶಿವರಾತ್ರಿಯಿಂದ ಯುಗಾದಿಯ ಆಚೀಚೆ. ಶಾಲೆಗಳಿಗೆ ಅದು ಪರೀಕ್ಷೆಯ ಕಾಲ, ಆಮೇಲೆ ಬೇಸಿಗೆ ರಜೆ.

ಮಡೆನೂರಿನ ಪ್ರಯೋಗ ಬೀದಿಯ ಬಂಕಿನ ಡೀಸೆಲನ್ನು ಕದಲಿಸಲಿಲ್ಲ. ಹೊಂಗೆಯೆಣ್ಣೆಗೆ ಸೋಪು, ಚರ್ಮ ಹದಮಾಡುವ ಉದ್ಯಮಗಳಲ್ಲಿ ಬೇಡಿಕೆ ಇದೆ, ಹಿಂಡಿಗೆ ತೋಟದವರಲ್ಲಿ ಬೇಡಿಕೆ ಇದೆ. ಬೀಜಕ್ಕೆ ಒಳ್ಳೆಯ ಬೆಲೆ ಸಿಕ್ಕರೆ ಡೀಸೆಲ್ ದುಬಾರಿಯಾಗುತ್ತದೆ, ಬೆಲೆ ಇಳಿದರೆ ಆರಿಸುವವರೇ ಇರುವುದಿಲ್ಲ. ನೆಟ್ಟ ಹೊಂಗೆ ಫಲ ಕೊಡಲು ಐದಾರು ವರ್ಷ ಬೇಕು, ಯೋಜನೆಗಳ ಆಯಸ್ಸು ಅದಕ್ಕಿಂತ ಕಡಿಮೆ. ಅರ್ಥಶಾಸ್ತ್ರದ ಈ ಗಂಟನ್ನೂ ಸೇರಿಸಿ ಹೇಳಿದಾಗಲೇ ಪಾಠ ಪೂರ್ತಿಯಾಗುತ್ತಿತ್ತು; ತರಬೇತಿಯ ಭಾಷಣಗಳು ಹೆಚ್ಚಾಗಿ ಮರದ ಗುಣಗಾನಕ್ಕೆ ನಿಂತವು.

2012 ಮತ್ತು 2013ರಲ್ಲಿ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಶಕ್ತಿಯನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡಿತು. 1993ರಿಂದ ನಡೆಯುತ್ತಿರುವ ಈ ಸಮಾವೇಶದಲ್ಲಿ ಹತ್ತರಿಂದ ಹದಿನೇಳು ವರ್ಷದ ಮಕ್ಕಳು ಗುಂಪು ಕಟ್ಟಿಕೊಂಡು, ಒಬ್ಬ ಮಾರ್ಗದರ್ಶಿ ಶಿಕ್ಷಕರ ಜೊತೆ ತಮ್ಮ ಊರಿನದೇ ಒಂದು ಸಮಸ್ಯೆಯನ್ನು ತಿಂಗಳುಗಟ್ಟಲೆ ಅಳೆದು ಬರೆಯುತ್ತಾರೆ. ಕರ್ನಾಟಕದಲ್ಲಿ ಇದನ್ನು ನಡೆಸಿಕೊಂಡು ಬಂದದ್ದು ವಿಜ್ಞಾನ ಪರಿಷತ್ತು. ಮಾರ್ಗದರ್ಶಿ ಶಿಕ್ಷಕರಿಗೆ ಮುಂಚಿತವಾಗಿ ಕಾರ್ಯಾಗಾರ ಇರುತ್ತದೆ. ಇಂಧನದ ವಿಷಯದಲ್ಲಿ ಮಿಡ್ಲ್ ಸ್ಕೂಲ್ ಶಿಕ್ಷಕರಿಗೆ ಸಿಕ್ಕ ತರಬೇತಿಗಳಲ್ಲಿ ಹೆಚ್ಚು ಗಟ್ಟಿಯಾದದ್ದು ಇದು ಎನ್ನಬೇಕು. ಮನೆಯಲ್ಲಿ ದಿನಕ್ಕೆ ಎಷ್ಟು ಸೌದೆ, ಎಷ್ಟು ಯೂನಿಟ್ ಕರೆಂಟು, ಬಿಸಿಯೂಟದ ಕೋಣೆಯಲ್ಲಿ ಒಂದು ಸಿಲಿಂಡರ್ ಎಷ್ಟು ದಿನ ಎಂಬ ಪ್ರಶ್ನೆಗಳಿಗೆ ಸಿದ್ಧ ಉತ್ತರ ಗೈಡಿನಲ್ಲಿ ಇರುವುದಿಲ್ಲ. ಶಿಕ್ಷಕನೂ ಮಕ್ಕಳ ಜೊತೆ ತಕ್ಕಡಿ ಹಿಡಿಯಬೇಕು.

ಸೌರಶಕ್ತಿಯ ಕಾಲ ಇದರ ಬೆನ್ನಿಗೇ ಬಂತು. 1996ರಲ್ಲಿ ಹುಟ್ಟಿದ್ದ, ರಾಜ್ಯದ ನವೀಕರಿಸಬಹುದಾದ ಇಂಧನದ ಹೊಣೆ ಹೊತ್ತ ಕ್ರೆಡಲ್ ಸಂಸ್ಥೆಯ ಕೆಲಸ ಹಿಗ್ಗಿತು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ಎದ್ದಿತು. 2018ರ ಹೊತ್ತಿಗೆ ಕರ್ನಾಟಕ ನವೀಕರಿಸಬಹುದಾದ ವಿದ್ಯುತ್ತಿನ ಸಾಮರ್ಥ್ಯದಲ್ಲಿ ತಮಿಳುನಾಡನ್ನು ಹಿಂದೆ ಹಾಕಿತು. ಹರೀಶ್ ಹಂದೆಯವರ ಸೆಲ್ಕೊ 1995ರಿಂದ ಹಳ್ಳಿಮನೆಗಳಿಗೆ ಸೌರದೀಪ ಕೊಡುತ್ತ ಬಂದಿತ್ತು. ಶಾಲೆಯಲ್ಲಿ ಫಲಕ ಇಟ್ಟು, ಮಕ್ಕಳು ಬ್ಯಾಟರಿಯನ್ನು ಬುತ್ತಿಯಂತೆ ತಂದು ಚಾರ್ಜ್ ಮಾಡಿಕೊಂಡು ಮನೆಗೆ ಒಯ್ಯುವ ಅದರ ಏರ್ಪಾಡು ಹಾಜರಾತಿಯನ್ನೂ ದೀಪವನ್ನೂ ಒಂದೇ ದಾರಕ್ಕೆ ಕಟ್ಟಿತು. ಶಾಲೆಯ ಚಾವಣಿಯ ಫಲಕಕ್ಕೆ ಶಿಕ್ಷಕ ತಿಳಿದಿರಬೇಕಾದ್ದು ಹೆಚ್ಚಿಲ್ಲ. ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆದ್ದರಿಂದ ಫಲಕ ದಕ್ಷಿಣಕ್ಕೆ ಮುಖಮಾಡಿ ಸುಮಾರು ಅಷ್ಟೇ ಡಿಗ್ರಿ ಬಾಗಿರಬೇಕು; ಧೂಳು ಒರೆಸಬೇಕು; ಒಂದು ಮೂಲೆಗೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪತ್ತಿ ಕುಗ್ಗುತ್ತದೆ. ಅಕ್ಷಾಂಶವನ್ನು ಮಕ್ಕಳೇ ಕಂಡುಕೊಳ್ಳುವ ದಿನವೂ ಇದೆ. ಏಪ್ರಿಲ್ 24ರ ಸುಮಾರು, ಮತ್ತೆ ಆಗಸ್ಟ್ 18ರ ಸುಮಾರು ಹಾಸನದಲ್ಲಿ ಸೂರ್ಯ ನಡುಮಧ್ಯಾಹ್ನ ನೆತ್ತಿಗೆ ಬಂದು ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಮೊದಲನೆಯದು ಬೇಸಿಗೆ ರಜೆಯಲ್ಲಿ ಬೀಳುತ್ತದೆ, ಎರಡನೆಯದು ಮುಂಗಾರಿನ ಮೋಡದಲ್ಲಿ.

2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವಿಜ್ಞಾನ ಮತ್ತು ಗಣಿತಕ್ಕೆ ವಿಷಯ ಶಿಕ್ಷಕರಿರಬೇಕೆಂದು ವಿಧಿಸಿದ ಮೇಲೆ ಕರ್ನಾಟಕದಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಾಯಿತು. ಬಿಎಸ್ಸಿ, ಬಿಎಡ್ ಮಾಡಿದವರು ಮಿಡ್ಲ್ ಸ್ಕೂಲಿಗೆ ಬರತೊಡಗಿದರು. 2017ರ ಸುಮಾರಿಗೆ ಬಂದ ‘ಗುರುಚೇತನ’ ಕಾರ್ಯಕ್ರಮ, ಶಿಕ್ಷಕರೇ ತಮಗೆ ಬೇಕಾದ ತರಬೇತಿ ಆರಿಸಿಕೊಳ್ಳಲಿ ಎಂದಿತು. ಈ ಪದವೀಧರರಿಗೆ ಬೇಕಾದ ತರಬೇತಿಯ ರೂಪವೂ ಬದಲಾಯಿತು: ಮೀಥೇನ್ ಎಂದರೇನು ಎಂದು ಹೇಳಬೇಕಾಗಿಲ್ಲ, ಬ್ಯಾರನ್ನಿನ ಸೌದೆಯ ಲೆಕ್ಕವನ್ನು ಪಾಠಕ್ಕೆ ತರುವುದು ಹೇಗೆಂದು ಹೇಳಬೇಕು. ವಾದವಿವಾದವೂ ಪಾಠದೊಳಗೆ ಬಂತು. ಸಕಲೇಶಪುರದ ಕಡೆ ಯೋಚಿಸಿದ್ದ ಗುಂಡ್ಯ ಜಲವಿದ್ಯುತ್ ಯೋಜನೆ ಬೇಡವೆಂದು ಪಶ್ಚಿಮ ಘಟ್ಟಗಳ ಕುರಿತ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಹೊಗೆ ಉಗುಳದ ವಿದ್ಯುತ್ತಿಗೂ ಕಾಡಿನ ಬೆಲೆ ತೆರಬೇಕಾಗುತ್ತದೆ ಎನ್ನುವುದಕ್ಕೆ ಇದೇ ಜಿಲ್ಲೆಯ ಉದಾಹರಣೆ ಸಿಕ್ಕಿತು.

2019ರಲ್ಲಿ ಆರಂಭವಾದ ನಿಷ್ಠಾ ತರಬೇತಿ ಮರುವರ್ಷ ಕೊರೊನಾ ಕಾರಣಕ್ಕೆ ದೀಕ್ಷಾ ಜಾಲತಾಣಕ್ಕೆ, ಅಂದರೆ ಶಿಕ್ಷಕರ ಮೊಬೈಲಿಗೆ ಬಂತು. ಎಲ್ಲರಿಗೂ ಒಂದೇ ವೀಡಿಯೊ ಸಿಗುವುದರಿಂದ ಮೆಟ್ಟಿಲು ಇಳಿದಂತೆ ವಿಷಯ ಸವೆಯುವ ತೊಂದರೆ ತಪ್ಪಿದೆ. ಬಗ್ಗಡ ಕದಡುವ, ಒಲೆಯ ಮೇಲೆ ನೀರಿಟ್ಟು ಗಡಿಯಾರ ನೋಡುವ, ಫಲಕಕ್ಕೆ ಮೀಟರ್ ಹಚ್ಚುವ ಭಾಗ ಮಾತ್ರ ಮೊಬೈಲಿನಲ್ಲಿ ಆಗುವಂಥದಲ್ಲ. ಅದು ಈಗಲೂ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಿಗೆ, ವಿಜ್ಞಾನ ಸಮಾವೇಶದ ತಯಾರಿಗೆ, ಮಡೆನೂರಿಗೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರ ಆಸಕ್ತಿಗೆ ಬಿಟ್ಟದ್ದಾಗಿದೆ.